ಹೊರಗೆ ಕೂಡದ ಸೊಸೆ

ಅರವತ್ತರ ದಶಕದ ಕೊನೆಗೆ ನಾನು ಘಟಪ್ರಭಾದ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ನಗಬೇಕೆನಿಸಿದರೆ ಎಲ್ಲಿಗೂ ಹೋಗಬೇಕಿರಲಿಲ್ಲ. ರೈಲು ಬಂದು ನಿಂತರೆ ಸಾಕು, ಯಾರಾದರೂ ಒಂದು ನಗೆಪಾಟಲಿನ ಸಂಗತಿ ಹೊತ್ತುಕೊಂಡೇ ಇಳಿಯುತ್ತಿದ್ದರು.

ಚೀಟಿ ಯಾಕೆ?

ಮಕ್ಕಳಾಗದಂತೆ ನುಂಗುವ ಗುಳಿಗೆ ಆಗಷ್ಟೇ ಮುಂಬೈಯಿಂದ ನಮ್ಮ ಕಡೆ ಬಂದಿತ್ತು. ಸ್ಟೇಶನ್ ಬಾಜೂದ ಅಂಗಡಿಯವನು ಅದನ್ನು ಪೆಪ್ಪರಮಿಂಟಿನ ಡಬ್ಬಿಯ ಪಕ್ಕದಲ್ಲೇ ಇಟ್ಟು ಮಾರುತ್ತಿದ್ದ. ಡಾಕ್ಟರರ ಚೀಟಿ ಇಲ್ಲದೆ ಹೇಗೆ ಕೊಡುತ್ತೀರಿ ಎಂದು ಜಗಳಕ್ಕೆ ನಿಂತೆ.

"ಮಕ್ಕಳನ್ನ ಹಡಿಯಾಕ ಯಾರರ ಚೀಟಿ ಕೇಳ್ತಾರೇನ್ರಿ ಬಾಯಾರ? ಬ್ಯಾಡ ಅನ್ನಾಕ ಮತ್ತ್ಯಾಕ ಚೀಟಿ?" ಅಂದ.

ಒಲೆ ಬಿಟ್ಟ ಅತ್ತೆ

ಅದೇ ಅಂಗಡಿಗೆ ಮಸಗುಪ್ಪಿಯ ಹೆಂಗಸೊಬ್ಬಳು ಸೊಸೆಗಾಗಿ ಗುಳಿಗೆ ಒಯ್ಯಲು ಬರುತ್ತಿದ್ದಳು. ಸೊಸೆಯ ಮೇಲೆ ಎಷ್ಟು ಕಾಳಜಿ ಎಂದು ಹೊಗಳಿದೆ. ಆಗ ಒಳಗುಟ್ಟು ಹೊರಬಿತ್ತು. ಸೊಸೆ ತಿಂಗಳಿಗೆ ಮೂರು ದಿನ ಹೊರಗೆ ಕೂತರೆ ಒಲೆ ಈಕೆಯ ಪಾಲಿಗೆ ಬರುತ್ತಿತ್ತು. ಗುಳಿಗೆಯನ್ನು ಮಧ್ಯೆ ಬಿಡದೆ ನುಂಗಿಸಿದರೆ ಸೊಸೆ ಹೊರಗೆ ಕೂಡುವುದೇ ಇಲ್ಲ ಎಂಬುದನ್ನು ಕಂಡುಕೊಂಡಿದ್ದಳು. ಆರು ತಿಂಗಳಿಂದ ಒಂದು ರೊಟ್ಟಿಯನ್ನೂ ಬಡಿದಿರಲಿಲ್ಲ.

ನನಗೆ ಸಿಟ್ಟು ಬಂತು. ಡಾಕ್ಟರರಿಗೆ ತೋರಿಸದೆ ಹೀಗೆ ನುಂಗಿಸಿದರೆ ರಕ್ತದೊತ್ತಡ ಏರಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಜೀವಕ್ಕೇ ಕುತ್ತು ಬರಬಹುದು, ನಾಳೆಯೇ ಆಕೆಯನ್ನು ಕರೆತನ್ನಿ ಎಂದೆ.

"ಅಕಿಗೇನೂ ಆಗಿಲ್ಲರಿ. ಬರೇ ತಲಿ ನೋಯ್ತೈತಿ. ಅದಕ್ಕೂ ಒಂದ್ ಗುಳಿಗಿ ತಗೊಂಡೇನಿ," ಅಂದಳು.

ಬಾತ ಕಾಲು

ಕೆಲವು ವಾರಗಳಲ್ಲಿ ಸೊಸೆಯೇ ಗಂಡ ಹೊಡೆಯುತ್ತಿದ್ದ ಚಕ್ಕಡಿಯಲ್ಲಿ ಬಂದಳು. ಒಂದು ಕಾಲು ಬಾತು ಕೆಂಪಾಗಿತ್ತು. ನಾನು ಅಂಜಿದ್ದೇ ಆಗಿತ್ತು. ರಕ್ತದ ಗಡ್ಡೆ ಎದೆಗೆ ಹೋಗಿದ್ದರೆ ಹೆಣ ಒಯ್ಯಬೇಕಾಗುತ್ತಿತ್ತು ಎಂದು ಡಾಕ್ಟರು ರೇಗಿದರು. ಆ ಗುಳಿಗೆ ಇನ್ನು ಮುಟ್ಟಕೂಡದು, ಮಕ್ಕಳು ಸಾಕೆಂದಿದ್ದರೆ ಗಂಡಸರಿಗೂ ಒಂದು ಸಣ್ಣ ಆಪರೇಶನ್ ಇದೆ ಎಂದು ಗಂಡನ ಮುಖ ನೋಡಿದರು. ಅವನು ಎತ್ತಿಗೆ ನೀರು ಕುಡಿಸಿ ಬರುತ್ತೇನೆಂದು ಹೋದವನು ಸಂಜೆಯವರೆಗೂ ಕುಡಿಸುತ್ತಲೇ ಇದ್ದ.

ಸೊಸೆಯನ್ನು ಮೂರು ವಾರ ದವಾಖಾನೆಯಲ್ಲೇ ಮಲಗಿಸಿಕೊಂಡೆವು. ಕೊನೆಗೆ ಬಾವು ಇಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು, ಇನ್ನೂ ಒಂದು ತಿಂಗಳು ಈಕೆ ಒಲೆಯ ಮುಂದೆ ಕೂಡಬಾರದು ಎಂದರು.

ಕರೆದೊಯ್ಯಲು ಬಂದಿದ್ದ ಅತ್ತೆಯ ಮುಖ ಸಣ್ಣದಾಯಿತು. ಒಂದು ತಿಂಗಳು ರೊಟ್ಟಿ ಬಡಿದರೆ ತನ್ನ ತಲೆ ಸಿಡಿದೇ ಹೋಗುತ್ತದೆ ಎಂದು ಗೊಣಗಿದಳು.

ಅಷ್ಟು ದಿನ ತುಟಿ ಬಿಚ್ಚದಿದ್ದ ಸೊಸೆ ಚಕ್ಕಡಿಯಲ್ಲಿ ಕಾಲು ಚಾಚಿ ಕುಳಿತು ಮೆಲ್ಲಗೆ ಅಂದಳು:

"ನೋಯಲಿ ಬಿಡ್ರಿ ಅತ್ತಿ. ಅದಕ್ಕೂ ಒಂದ್ ಗುಳಿಗಿ ಐತೆಲ್ಲರಿ."