ತಟ್ಟೆ ತುಂಬ ಕಾಗದದ ಹೂವು

ಮನುಷ್ಯನಿಗೆ ಒಂದು ವಿದ್ಯೆ ಬಾರದಿದ್ದರೆ ಯಾರಿಗೂ ಅಪಾಯವಿಲ್ಲ. ಪೂರ್ತಿ ಬಂದರೂ ಅಪಾಯವಿಲ್ಲ. ಅರ್ಧ ಬಂದು, ಅದನ್ನು ಯಾರಾದರೂ ಹೊಗಳಿಬಿಟ್ಟರೆ ಮಾತ್ರ ಮನೆಮಂದಿ ಜೋಪಾನವಾಗಿರಬೇಕು. ಕಾಗದ ಮಡಚಿ ಹೂ ಮಾಡುವ ವಿದ್ಯೆ ನನಗೆ ಹೀಗೆ ಅರ್ಧ ಬಂತು, ಅದೂ ರೈಲಿನಲ್ಲಿ. ನಮ್ಮ ಮನೆ ಉರಿಗಾಂನಲ್ಲಿ, ನನ್ನ ಕೆಲಸ ಬಂಗಾರಪೇಟೆಯ ಗೊಬ್ಬರದಂಗಡಿಯಲ್ಲಿ. ಮಾರಿಕುಪ್ಪಂ ರೈಲಿನಲ್ಲಿ ದಿನವೂ ಓಡಾಡುವವರು ಇಸ್ಪೀಟು ಆಡುತ್ತಾರೆ, ಇಲ್ಲವೇ ನಿದ್ದೆ ಹೊಡೆಯುತ್ತಾರೆ. ಇಸ್ಪೀಟಿಗೆ ನನ್ನನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ನಿದ್ದೆ ಹೋದರೆ ಗೊರಕೆ ಎಂದು ಎಬ್ಬಿಸುತ್ತಿದ್ದರು. ಕೊನೆಗೆ ಮೊಬೈಲಿನಲ್ಲಿ ನೋಡಿಕೊಂಡು ಬಣ್ಣದ ಕಾಗದ ಮಡಚಲು ಕೂತೆ.

ಮೊದಲ ಗುಲಾಬಿಯನ್ನು ಹೆಂಡತಿ ಸರೋಜಳ ಕೈಗಿಟ್ಟಾಗ ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, "ಕೋಸು ಚೆನ್ನಾಗೈತೆ" ಅಂದಳು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಎರಡನೇ ತಿಂಗಳಲ್ಲಿ ಎದುರು ಸೀಟಿನ ಹಿರಿಯರೊಬ್ಬರು ನನ್ನ ಹೂವನ್ನು ಈಸಿಕೊಂಡು ಮೂಸಿ ನೋಡಿದರು. ಅವರಿಗೆ ಕಣ್ಣಿನ ಪೊರೆ ಇತ್ತೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನನ್ನ ಕಾಲು ನೆಲ ಬಿಟ್ಟಾಗಿತ್ತು. ಕಿಟಕಿ, ಟಿ.ವಿ, ಕ್ಯಾಲೆಂಡರಿನ ಮೊಳೆ, ಎಲ್ಲೆಲ್ಲೂ ಹೂ ಅರಳಿತು. ಧೂಳು ಹೊಡೆಯುವ ಕೆಲಸ ಸರೋಜಳ ಪಾಲಿಗೆ ಬಂತು. ಹೂವಿನ ಹಿಂದೆ ಸಂಸಾರ ಹೂಡಿದ ಹಲ್ಲಿಯನ್ನು ಓಡಿಸುವುದೂ ಅವಳದೇ ಕೆಲಸ.

ಸರೋಜ ಬೇತಮಂಗಲದ ಕಡೆಯವಳು. ಈ ಬೀದಿಗೆ ನಾವು ಬಂದು ಆರು ತಿಂಗಳಾಗಿತ್ತಷ್ಟೇ. ಬೀದಿಯ ಅರ್ಧ ಜನ ತಮಿಳು, ಉಳಿದರ್ಧ ತೆಲುಗು. ಇವಳನ್ನು ಕಂಡರೆ ಎಲ್ಲರೂ ಒಂದು ನಗು ನಕ್ಕು ಒಳಗೆ ಹೋಗಿಬಿಡುವರು. ಮಾತಿಲ್ಲದೆ ಅವಳು ಸೊರಗಿದ್ದು ನನಗೂ ಕಾಣುತ್ತಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಧೈರ್ಯ ಮಾಡಿ ಮನೆಮನೆಗೂ ಹೋಗಿ ಅರಿಶಿನ ಕುಂಕುಮಕ್ಕೆ ಕರೆದು ಬಂದಳು. ಬಂದವರು ಸಂತೋಷವಾಗಿ ಹೋದರೆ ಬೀದಿ ಅವಳದಾಗುತ್ತಿತ್ತು. ನನಗೆ ಹೇಳಿದ್ದು ಒಂದೇ ಕೆಲಸ: "ಶುಕ್ರವಾರ ಬರೋವಾಗ ಬಂಗಾರಪೇಟೇಲಿ ಮಲ್ಲಿಗೆ ತನ್ನಿ. ಎಂಗಸ್ರು ಬತ್ತಾರೆ, ಊವಾ ಕೊಡ್ದೆ ಕಳ್ಸಕ್ಕಾಗಲ್ಲ."

ಶುಕ್ರವಾರ ಅರ್ಧ ದಿನ ರಜೆ ಹಾಕಿ ಹೊರಟಾಗ ಸ್ಟೇಷನ್ನಿನ ಮುಂದೆ ಹೂವಿನಂಗಡಿಗೆ ಜನ ಮುತ್ತಿದ್ದರು. ನಾನು ನಿಂತು ನೋಡಿದೆ, ನಕ್ಕೆ. ಸಂಜೆಗೆ ಬಾಡುವ ಹೂವಿಗೆ ಇಷ್ಟು ನೂಕಾಟವೇ? ನನ್ನ ಚೀಲದಲ್ಲಿ ನಾನೇ ಮಡಚಿದ ಬಿಳಿ ಹೂಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು. ಹೆಂಗಸರು ಬೆರಗಾಗುತ್ತಾರೆ, ಸರೋಜ ಹೆಮ್ಮೆಪಡುತ್ತಾಳೆ ಎಂದು ಲೆಕ್ಕ ಹಾಕಿ ಮಲ್ಲಿಗೆ ಕೊಳ್ಳದೆಯೇ ರೈಲು ಹತ್ತಿದೆ. ಮನೆಗೆ ಬಂದಾಗ ಅಡುಗೆಮನೆಯಿಂದಲೇ, "ಊವಾ ತಂದ್ರಾ?" ಎಂದು ಕೇಳಿದಳು. "ಎಲ್ಲಾ ತಯಾರೈತೆ" ಎಂದೆ.

ಎಂಟು ಜನ ಹೆಂಗಸರು ಬಂದರು. ಅರಿಶಿನ ಕುಂಕುಮವಾಯಿತು, ಉಸಲಿ ಹಂಚಿದ್ದಾಯಿತು. ತಾಂಬೂಲ ಕೊಡುವ ಹೊತ್ತಿಗೆ ಸರೋಜ ನನ್ನ ಕಡೆ ನೋಡಿದಳು. ನಾನು ತಟ್ಟೆ ತುಂಬ ಕಾಗದದ ಹೂ ಜೋಡಿಸಿಕೊಂಡು ಮದುವೆಮನೆಯ ಯಜಮಾನನ ಗತ್ತಿನಲ್ಲಿ ಬಂದು, "ಕೈಯಲ್ಲಿ ಮಾಡಿದ್ದು, ಬಾಡೋದೇ ಇಲ್ಲ" ಎಂದೆ. ಯಾರೂ ಕೈ ಚಾಚಲಿಲ್ಲ. ಸರೋಜಳ ಮುಖ ಕೆಂಪಾಗಿ, ಆಮೇಲೆ ಬೆಳ್ಳಗಾಯಿತು. ಎದುರುಮನೆಯ ಸೆಲ್ವಿ ಅಕ್ಕ, ಬೀದಿಗೇ ಹಿರಿಯರು, ಒಂದು ಹೂ ಎತ್ತಿ ನೋಡಿ ಮೆಲ್ಲಗೆ ತಟ್ಟೆಗಿಟ್ಟರು. "ಗೋಡೇಗೆ ಚೆಂದ ತಂಬಿ. ತಲೇಗೆ ಊವು ಬೇಕು."

ಸರೋಜ ದೇವರ ಮುಂದೆ ಹೋಗಿ ಕೈಮುಗಿದು, ಬೆಳಿಗ್ಗೆ ಕಲಶಕ್ಕೆ ಮುಡಿಸಿದ್ದ ಒಂದೇ ಒಂದು ಮೊಳ ಮಲ್ಲಿಗೆಯನ್ನು ತೆಗೆದಳು. ಎಂಟು ತುಂಡು ಮಾಡಿದಳು. ಒಬ್ಬೊಬ್ಬರಿಗೂ ಕೊಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಮ್ಮನ ಪ್ರಸಾದ, ಅಳ್ಬೇಡಮ್ಮ" ಎಂದು ಸೆಲ್ವಿ ಅಕ್ಕ ಬೆರಳಗಲದ ಮಾಲೆಯನ್ನು ಕಣ್ಣಿಗೊತ್ತಿಕೊಂಡು ಮುಡಿದರು. ಉಳಿದವರೂ ಮುಡಿದರು. ಸರೋಜಳಿಗೆಂದು ಒಂದು ಮೊಗ್ಗೂ ಉಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಬರೀ ಜಡೆಯಲ್ಲಿ ಅವರ ಮನೆಗಳಿಗೆ ಕುಂಕುಮಕ್ಕೆ ಹೊರಟಾಗ, ಹಬ್ಬದ ದಿನ ಹೆಂಡತಿಯನ್ನು ಹಾಗೆ ಕಳಿಸಿದ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಅವಳು ಹಿಂತಿರುಗಿದ್ದು ತುಂಬ ತಡವಾಗಿ, ತಲೆ ತುಂಬ ಎಂಟು ಮನೆಯ ಹೂವು ಮುಡಿದುಕೊಂಡು, ನಗುತ್ತ. ಬರೀ ಜಡೆ ಕಂಡು ಪ್ರತಿ ಮನೆಯಲ್ಲೂ ಕೂರಿಸಿಕೊಂಡರಂತೆ, ಕಾಫಿ ಕೊಟ್ಟರಂತೆ, ಅವರವರ ಗಂಡಂದಿರ ಕಥೆಗಳನ್ನೂ ಹೇಳಿದರಂತೆ. ಈಗ ಬೀದಿಯಲ್ಲಿ ಸರೋಜಳೊಡನೆ ಮೂರು ಭಾಷೆಗಳಲ್ಲಿ ಮಾತು ನಡೆಯುತ್ತದೆ. ವಿಷಯ ಮಾತ್ರ ಒಂದೇ. ನಾನು ಹಾದುಹೋಗುವಾಗ ಅದೂ ನಿಲ್ಲುತ್ತದೆ.

ಅಂದಿನಿಂದ ಪ್ರತಿ ಶುಕ್ರವಾರ ಬಂಗಾರಪೇಟೆಯಲ್ಲಿ ಎರಡು ಮೊಳ ಮಲ್ಲಿಗೆ ಕೊಳ್ಳುತ್ತೇನೆ. ಹೂ ಮಾರುವ ಅಮ್ಮ ಮೊನ್ನೆ ಪಕ್ಕದಲ್ಲಿ ನಿಂತಿದ್ದವನಿಗೆ ನನ್ನನ್ನು ತೋರಿಸಿ, "ಈ ಅಣ್ಣನ್ನ ನೋಡಿ ಕಲ್ತ್ಕೊಳಪ್ಪ, ಎಂಡ್ರು ಅಂದ್ರೆ ಪ್ರಾಣ" ಅಂದಳು. ನಾನು ತಲೆ ತಗ್ಗಿಸಿದೆ. ಆಕೆ ಅದನ್ನು ವಿನಯ ಎಂದುಕೊಂಡಳು. ನಾನೂ ತಿದ್ದಲು ಹೋಗಲಿಲ್ಲ.