ಅಳತೆ ಕೊಟ್ಟು ಮಾಡಿಸಿದ ರಕ್ತನಾಳ

ನನ್ನ ಷಡ್ಡಕನಷ್ಟು ಸುಖವಾಗಿ ಕಾಯಿಲೆ ಬೀಳುವ ಮನುಷ್ಯ ಇಡೀ ಟಿ. ದಾಸರಹಳ್ಳಿಯಲ್ಲಿಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ನಮ್ಮ ಬಳಗದಲ್ಲಿ ದೊಡ್ಡ ಆಪರೇಷನ್ನಿನ ಗೌರವ ಮೊದಲು ನನ್ನೊಬ್ಬನದೇ ಆಗಿತ್ತು. ಬೈಪಾಸ್ ಮಾಡಲು ನನ್ನ ಎದೆಯನ್ನು ಹಲಸಿನಹಣ್ಣಿನಂತೆ ಸೀಳಿದ್ದರು. ತಿಂಗಳುಗಟ್ಟಲೆ ಮಲಗಿದ್ದೆ, ಕೆಮ್ಮು ಬಂದರೆ ದಿಂಬು ಅಪ್ಪಿಕೊಳ್ಳುತ್ತಿದ್ದೆ. ಮದುವೆಮನೆಗಳಲ್ಲಿ ನನಗೆ ಕುರ್ಚಿ ತಾನಾಗಿ ಬರುತ್ತಿತ್ತು.

ಅಷ್ಟರಲ್ಲಿ ಬೆನ್ನುನೋವೆಂದು ಷಡ್ಡಕ ಸ್ಕ್ಯಾನ್ ಮಾಡಿಸಿದ. ಹೃದಯದಿಂದ ಹೊಟ್ಟೆಗಿಳಿಯುವ ಮಹಾಧಮನಿ ಬಲೂನಿನಂತೆ ಊದಿದೆ, ಒಡೆದರೆ ಉಳಿಯುವುದು ಕಷ್ಟ ಎಂದರು. ಊತ ಮೂತ್ರಪಿಂಡಗಳ ಕವಲಿನವರೆಗೂ ಹಬ್ಬಿತ್ತಂತೆ. ಇವನನ್ನೂ ಸೀಳುತ್ತಾರೆ, ಆಗ ನನ್ನ ಕಷ್ಟ ಗೊತ್ತಾಗುತ್ತದೆ ಎಂದುಕೊಂಡೆ. ಸೀಳಲೇ ಇಲ್ಲ! ತೊಡೆಸಂದಿಯಲ್ಲಿ ಚಿಕ್ಕ ತೂತು ಮಾಡಿ, ರಕ್ತನಾಳದೊಳಗಿಂದಲೇ ಬಟ್ಟೆಯ ಕೊಳವೆಯೊಂದನ್ನು ಮೇಲಕ್ಕೆ ತಳ್ಳಿ ಕೂರಿಸಿದರು. ಮೂತ್ರಪಿಂಡಗಳಿಗೆ ರಕ್ತ ಹೋಗಲು ಅದರಲ್ಲೇ ಕಿಟಕಿಗಳಿವೆಯಂತೆ! ಆ ವಾರವೇ ಆಸಾಮಿ ಮನೆಯಲ್ಲಿ ಕೂತು ಮುದ್ದೆ ನುಂಗುತ್ತಿದ್ದ.

ಆಮೇಲೆ ಶುರುವಾಯಿತು ನೋಡಿ. ಅವನ ಬಾಡಿಗೆದಾರರೆಲ್ಲ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು. ಶಿಫ್ಟಿಗೆ ಹೊರಟವರನ್ನು ಗೇಟಿನಲ್ಲೇ ನಿಲ್ಲಿಸಿ ಕಥೆ ಹೇಳುತ್ತಿದ್ದ. ತೂತು ಎಲ್ಲಿ ಎಂದು ಯಾರಾದರೂ ಕೇಳಿಬಿಟ್ಟರೆ ಪಂಚೆಗೇ ಕೈ ಹಾಕುತ್ತಿದ್ದ. ಅವನ ಹೆಂಡತಿ ಒಳಗಿಂದ ಓಡಿಬಂದು ತಡೆಯಬೇಕು.

ಒಂದು ನಾಮಕರಣದಲ್ಲಿ ಎಲ್ಲರ ಮುಂದೆ ನನಗೇ ಹೇಳಿದ: “ನಿಂಗೆ ಹಾಕಿರೋದು ನಿನ್ ಕಾಲಿಂದ್ಲೇ ಕಿತ್ತ ಹಳೇ ನರ ಕಣೋ, ಸೆಕೆಂಡ್ ಹ್ಯಾಂಡು. ನಂದು ಅಳತೆ ಕೊಟ್ಟು ಮಾಡ್ಸಿದ್ದು.”

ಜನ ನಕ್ಕರು. ನನಗೆಂದು ತಂದ ಕುರ್ಚಿಯನ್ನು ಅವನಿಗೆ ಹಾಕಿದರು. ಅಂದು ನನಗೆ ಹೋಳಿಗೆ ರುಚಿಸಲಿಲ್ಲ. ಮೂರೇ ತಿಂದೆ.

ಕಳೆದ ತಿಂಗಳು, ಕೊಳವೆ ಸರಿಯಾಗಿ ಕೂತಿದೆಯೇ ಎಂದು ನೋಡುವ ಸ್ಕ್ಯಾನ್ ಇತ್ತು. ಹೆಂಡತಿ ಮಕ್ಕಳನ್ನೆಲ್ಲ ಬಿಟ್ಟು ನನ್ನನ್ನು ಕರೆದ. ಅಲ್ಲೂ ಜಂಬ ಕೊಚ್ಚುವುದಕ್ಕೆ ಒಬ್ಬ ಬೇಕಲ್ಲ ಎಂದುಕೊಂಡೇ ಹೊರಟೆ. ಮೆಟ್ರೋದಲ್ಲಿ ಅವನು ಆಸ್ಪತ್ರೆಯ ಫೈಲನ್ನು ಅವುಚಿಕೊಂಡು ಕೂತಿದ್ದ. ಆಸ್ಪತ್ರೆಯಲ್ಲಿ ಹೆಸರು ಕೂಗಿದರೂ ಏಳಲಿಲ್ಲ. ನನ್ನ ಕೈ ಹಿಡಿದುಕೊಂಡ.

“ಮಲಗೋಕೇ ಭಯ ಆಯ್ತದೆ ಕಣೋ. ಒಳ್ಗೆ ಏನೋ ಹರಿದಂಗೆ ಅನ್ಸಿ ಎದ್ದು ಕೂತ್ಕತೀನಿ. ಅವ್ಳಿಗೆ ಗೊತ್ತಿಲ್ಲ.” ಕೊನೆಗೆ ಎದ್ದು ನಿಂತು, “ನೀನು ಕಾಫಿ ಗೀಫಿ ಅಂತ ಹೋಗ್ಬೇಡ. ಬಾಗ್ಲು ತೆಗ್ದಾಗ ನೀನು ಕಾಣ್ಬೇಕು” ಎಂದ.

ಎಲ್ಲ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಸ್ಕ್ಯಾನ್ ಮುಗಿದು ಬಾಗಿಲು ತೆರೆದ ಹೊತ್ತಿನಲ್ಲಿ ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಅವನು ನನ್ನನ್ನು ಕಂಡು ಕೈಯೆತ್ತಿದ, ಶಾಲೆ ಬಿಟ್ಟ ಮಗು ಗೇಟಿನಾಚೆ ತನ್ನವರನ್ನು ಗುರುತಿಸಿದಂತೆ.