ಮಾವನ ಗಂಟು, ನನ್ನ ಎರಡು ವೋಲ್ಟು

ಬೇರೆಯವರು ಕೈ ಹಾಕಿದ ಕಂಪ್ಯೂಟರ್ ಕೆಟ್ಟರೆ ರಿಪೇರಿ ಆಗುತ್ತದೆ, ನಾನು ಕೈ ಹಾಕಿದ್ದು ಕೆಟ್ಟರೆ ಊರಿಗೆಲ್ಲ ಕಥೆ ಆಗುತ್ತದೆ. ಯಾಕೆ ಹೀಗೆ ಅಂತ ಕೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಸಾಲಿನ ಎದುರು ನನ್ನದೊಂದು ಅಂಗಡಿ. ಮೊದಲು ಟೇಪ್ ರೆಕಾರ್ಡರ್, ಟಿವಿ ರಿಪೇರಿ ಮಾಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬೋರ್ಡಿನ ಮೇಲೆ ‘ಕಂಪ್ಯೂಟರ್’ ಅಂತ ಇನ್ನೊಂದು ಸಾಲು ಬರೆಸಿದೆ. ಆ ಸಾಲಿನ ಬಣ್ಣ ಇನ್ನೂ ಹೊಸದಾಗಿದ್ದಾಗ ನಡೆದದ್ದು ಇದು.

೧. ಬಾಯಿ ಬಿಟ್ಟೆ

ನನ್ನ ಹೆಂಡತಿಯ ತವರು ಮೊಳಕಾಲ್ಮೂರು. ಮಾವ ಅಲ್ಲಿ ರೇಷ್ಮೆ ಸೀರೆಗೆ ಡಿಸೈನ್ ಬರೆಯುವವರು. ಗ್ರಾಫ್ ಹಾಳೆಯ ಸಣ್ಣ ಸಣ್ಣ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬಿ, ಗಿಳಿ, ಮಾವಿನಕಾಯಿ ಎಬ್ಬಿಸುತ್ತಿದ್ದರು. ಅರವತ್ತು ದಾಟಿದ ಮೇಲೆ ಅವರಿಗೆ ಚೌಕಗಳು ಕಾಣದಾದವು. ಒಂದು ಸಲ ಗಿಳಿಗೆ ಎರಡು ಕೊಕ್ಕು ಬಂದು, ಮಗ್ಗದ ಯಜಮಾನರು ಹಾಳೆಯನ್ನು ಮಡಚಿ ವಾಪಸ್ ಕೊಟ್ಟರಂತೆ. ಆ ರಾತ್ರಿ ಮಾವ ಊಟ ಮಾಡಲಿಲ್ಲ ಅಂತ ಅತ್ತೆ ಹೇಳಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಅದಕ್ಕೇ ಒಂದು ಕಂಪ್ಯೂಟರ್ ಜೋಡಿಸಿ ಕೊಟ್ಟೆ. ಪರದೆಯ ಮೇಲೆ ಚೌಕವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಿಕೊಳ್ಳಬಹುದು. ಮಾವ ತಿಂಗಳೊಳಗೆ ಕಲಿತುಬಿಟ್ಟರು. ಆದರೆ ಡಿಸೈನ್ ದೊಡ್ಡದಾದಷ್ಟೂ ಯಂತ್ರ ನಿಧಾನ. ಒಂದು ಗಿಳಿಯನ್ನು ಪಕ್ಕಕ್ಕೆ ಸರಿಸಿ ಮಾವ ಹೋಗಿ ಸ್ನಾನ ಮಾಡಿ ಬಂದರೂ ಗಿಳಿ ಇನ್ನೂ ದಾರಿಯಲ್ಲೇ ಇರುತ್ತಿತ್ತು.

ಒಂದು ಗುರುವಾರ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಮಗ್ಗದ ಯಜಮಾನರೂ ಇದ್ದರು. ಅವರು ನಿಷ್ಠುರವಾಗಿಯೇ ಹೇಳಿದರು. “ಮಗ್ಗ ಖಾಲಿ ನಿಂತೈತೆ. ಮುಂದಿನ ವಾರ ಶುಕ್ರವಾರದೊಳಗೆ ಸೆರಗು, ಅಂಚು ಎರಡೂ ಬೇಕು. ಆಗಲಿಲ್ಲ ಅಂದ್ರೆ ಬೇರೆಯವ್ರಿಗೆ ಹೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ್ರಿ.”

ಮಾವ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ನಿಧಾನ ಅನ್ನೋದೇ ತಾನೇ? ಮುನ್ನೂರು ಮೆಗಾಹರ್ಟ್ಸಲ್ಲಿ ಓಡೋ ಪ್ರೊಸೆಸರನ್ನ ನಾನೂರೈವತ್ತರಲ್ಲಿ ಓಡಿಸ್ತೀನಿ. ಹೊಸ ಸಾಮಾನು ಏನೂ ಬ್ಯಾಡ.”

ಯಜಮಾನರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. “ಹಂಗಾದ್ರೆ ನಮ್ಮ ಮೊಪೆಡ್ಡೂ ಒಂಚೂರು ನೋಡ್ರಿ. ಅದು ಮೂವತ್ತರ ಮೇಲೆ ಹೋಗವಲ್ದು.”

೨. ಕಾಲಿಗೆ ಬಣ್ಣ

ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ನಾನು ಓದಿದ್ದ ವಿದ್ಯೆ ಇಷ್ಟೇ. ಪ್ರೊಸೆಸರ್ ಜೋರಾಗಿ ಓಡಬೇಕಾದರೆ ಎರಡು ವೋಲ್ಟ್ ಸಾಲದು, ಎರಡು ಪಾಯಿಂಟ್ ಎರಡು ಬೇಕು. ಅದರ ಕೆಲವು ಕಾಲುಗಳಿಗೆ, ಅಂದರೆ ಪಿನ್ನುಗಳಿಗೆ, ಕರೆಂಟ್ ಮುಟ್ಟದ ಹಾಗೆ ಮುಚ್ಚಿದರೆ ಮದರ್‌ಬೋರ್ಡು ಮೋಸ ಹೋಗಿ ಅಷ್ಟು ಕೊಡುತ್ತದೆ. ಮುಚ್ಚುವುದಕ್ಕೆ ಎಲ್ಲಕ್ಕಿಂತ ಒಳ್ಳೆಯದು ಉಗುರಿಗೆ ಹಚ್ಚುವ ಬಣ್ಣ.

ಮಾರನೆಯ ದಿನ ಯಂತ್ರವನ್ನು ಚಳ್ಳಕೆರೆಗೆ ತಂದು, ಹೆಂಡತಿಯ ಕೆಂಪು ಸೀಸೆ ಕೇಳದೆಯೇ ತೆಗೆದುಕೊಂಡು, ಭೂತಗನ್ನಡಿ ಹಿಡಿದು ಕೂತೆ. ಕೂದಲಿನಷ್ಟು ಸಣ್ಣ ಕಾಲು. ಒಂದು ಹನಿ ಪಕ್ಕದ ಕಾಲಿಗೆ ಹರಿಯಿತು, ಒರೆಸಿದೆ. ಮತ್ತೆ ಹರಿಯಿತು, ಮತ್ತೆ ಒರೆಸಿದೆ. ಕೊನೆಗೆ ಸರಿಯಾಗಿ ಕೂತಾಗ ಒಣಗಲಿ ಅಂತ ಪುಸ್ತಕದಿಂದ ಮೆಲ್ಲಗೆ ಗಾಳಿ ಹಾಕುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದು ಗೊತ್ತಾಗಲೇ ಇಲ್ಲ.

“ಮದುವೆ ಆಗಿ ಆರು ವರ್ಷ ಆಯ್ತು,” ಅಂದಳು. “ನಾನು ಹಚ್ಕೊಂಡ್ರೆ ಒಂದಿನ ತಿರುಗಿ ನೋಡಿಲ್ಲ. ಅದ್ರ ಕಾಲಿಗೆ ಹಚ್ಚಿ ಗಾಳಿ ಬೇರೆ ಹಾಕ್ತಾ ಕೂತೀರಾ?”

ಆದರೆ ಯಂತ್ರ ಓಡಿತು. ನಾನೂರೈವತ್ತು. ಇಡೀ ಸಂಜೆ ವೋಲ್ಟೇಜು ಎರಡು ಪಾಯಿಂಟ್ ಎರಡರಲ್ಲಿ ಬಂಡೆಯಂತೆ ನಿಂತಿತ್ತು. ಸೀಸೆ ಮಾತ್ರ ಖಾಲಿ.

೩. ಎರಡೇ ವೋಲ್ಟಿಗೆ

ಶನಿವಾರ ಬೆಳಿಗ್ಗೆ ಮೊಳಕಾಲ್ಮೂರಿಗೆ ಒಯ್ದು ಕೊಟ್ಟೆ. ಗಿಳಿಗಳು ಹಾರಿದವು. ಮಾವ ಬಾಯಿ ತುಂಬ ನಕ್ಕರು. ಸಂಜೆ ನಾನು ಅಂಗಡಿಗೆ ಬಂದು ಕೂರುವಷ್ಟರಲ್ಲಿ ಅವರ ಪಕ್ಕದ ಮನೆಯ ಫೋನಿನಿಂದ ಮಾವನ ದನಿ ಕೇಳಿಸಿತು. “ಅಳಿಯಂದ್ರೇ, ನಿಂತೋಯ್ತು.”

ಪರದೆಯ ಮೂಲೆಯಲ್ಲಿ ವೋಲ್ಟೇಜ್ ತೋರಿಸುವ ಸಣ್ಣ ಕಿಟಕಿಯನ್ನು ನಾನೇ ಕೂಡಿಸಿದ್ದೆ. ಅದರಲ್ಲಿ ಎಷ್ಟಿತ್ತು ಅಂತ ಕೇಳಿದೆ. “ಎರಡು ಪಾಯಿಂಟ್ ಎರಡು ಇತ್ತು. ಆಮೇಲೆ ಎರಡು ಪಾಯಿಂಟ್ ಸೊನ್ನೆ. ಒಂದು ಪಾಯಿಂಟ್ ಒಂಬತ್ತು ಅನ್ನೋದ್ರೊಳಗೆ ಪರದೆ ಕಪ್ಪಾಯ್ತು.” ವೋಲ್ಟೇಜ್ ನಿಲ್ಲುತ್ತಿಲ್ಲ, ನಾಳೆ ಬರುತ್ತೇನೆ, ಇನ್ನು ಮೇಲೆ ಐದೈದು ನಿಮಿಷಕ್ಕೆ ಎಷ್ಟು ತೋರಿಸುತ್ತದೆ ಅಂತ ಬರೆದಿಡಿ ಅಂದೆ.

ಭಾನುವಾರ ಹೋದರೆ ಮನೆಯ ಮುಂದೆ ಅರ್ಧ ಬೀದಿ ನಿಂತಿದೆ. ಅಳಿಯ ವೋಲ್ಟೇಜ್ ಸರಿಯಿಲ್ಲ ಅಂದಿದ್ದಾನೆ ಅನ್ನುವ ಸುದ್ದಿ ಹಬ್ಬಿ, ಹಿಟ್ಟಿನ ಗಿರಣಿಯವರು ಟ್ರಂಕಿನಷ್ಟು ದೊಡ್ಡ ಸ್ಟೆಬಿಲೈಜರ್ ಹೊರಿಸಿಕೊಂಡು ಬಂದಿದ್ದರು. ಲೈನ್‌ಮನ್ ಕಂಬ ಹತ್ತಿ ಇಳಿದು ಬೆವರು ಒರೆಸಿಕೊಳ್ಳುತ್ತಿದ್ದ.

“ಎಷ್ಟು ಬರ್ತಾ ಐತೆ ಸ್ವಾಮಿ ನಿಮಗೆ?” ಅಂದ.

“ಎರಡು ಪಾಯಿಂಟ್ ಎರಡು ವೋಲ್ಟ್ ಬರಬೇಕು, ಒಂದು ಪಾಯಿಂಟ್ ಒಂಬತ್ತು ಬರ್ತಾ ಐತೆ.”

ಅವನು ನಿಂತಿದ್ದ ಜನರ ಕಡೆ ತಿರುಗಿದ. “ಈ ಬೀದಿಲಿ ದಿನಾ ಐವತ್ತು ವೋಲ್ಟ್ ಹೆಚ್ಚುಕಮ್ಮಿ ಆಗ್ತೈತೆ, ಒಬ್ರೂ ತುಟಿ ಬಿಚ್ಚಿಲ್ಲ. ಇವ್ರು ಕಾಲು ವೋಲ್ಟಿಗೆ ನನ್ನ ಕಂಬ ಹತ್ತಿಸವ್ರೆ.”

ನಾನು ಕ್ಯಾಬಿನೆಟ್ ಬಿಚ್ಚಿ ನೋಡಿದೆ, ಎಲ್ಲ ಸರಿಯಾಗಿತ್ತು. ಸ್ವಿಚ್ ಹಾಕಿದೆ, ಮಧ್ಯಾಹ್ನ ಪೂರ್ತಿ ಓಡಿತು. ಲೈನ್‌ಮನ್ ಹೋಗುವಾಗ ಎಲ್ಲರಿಗೂ ಕೇಳುವ ಹಾಗೆ, “ನಾನು ಕಂಬ ಹತ್ತಿದ್ದಕ್ಕೇ ಆಗಿದ್ದು,” ಅಂದ.

೪. ತವರಿನ ಗಾಳಿ

ಅಲ್ಲಿಂದ ಶುರುವಾಯಿತು ನೋಡಿ. ನಾನಿದ್ದರೆ ಓಡುತ್ತದೆ, ನಾನು ಬಸ್ ಹತ್ತಿದರೆ ನಿಲ್ಲುತ್ತದೆ. ಸೋಮವಾರ ಆರು ಸಲ ನಿಂತಿತು. ಮಂಗಳವಾರ ಹದಿಮೂರು ಸಲ. ಒಂದೊಂದು ಸಲ ನಿಂತಾಗಲೂ ಮಾವ ಮಾಡಿದ ಕೆಲಸ ಹೋಗುತ್ತಿತ್ತು. ಗಿಳಿಯ ರೆಕ್ಕೆಯನ್ನು ಹದಿಮೂರು ಸಲ ಬರೆದವರು ಫೋನಿನಲ್ಲಿ ಬೈಯಲಿಲ್ಲ. “ಕಣ್ಣು ಹೋದ ಮೇಲೆ ಇಷ್ಟಾದ್ರೂ ಆಯ್ತಲ್ಲ ಬಿಡಿ,” ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಬುಧವಾರ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಗೆ ತಂದೆ. ಎದುರಿನ ಮಿಲ್ಲಿನ ಮೋಟರ್ ಶುರುವಾದಾಗ ನನ್ನ ಅಂಗಡಿಯ ಬಲ್ಬು ದೀಪಾವಳಿಯ ಹಣತೆಯಷ್ಟಾಗುತ್ತದೆ. ಅಂಥ ಕರೆಂಟಿನಲ್ಲೂ ಯಂತ್ರ ಹಗಲೆಲ್ಲ ನಾನೂರೈವತ್ತರಲ್ಲಿ ಓಡಿತು, ಒಂದು ಸಲವೂ ನಿಲ್ಲಲಿಲ್ಲ. ಪವರ್ ಸಪ್ಲೈ ಬದಲಿಸಿ ನೋಡಿದೆ, ಹಳೆಯದನ್ನೇ ಮತ್ತೆ ಹಾಕಿ ನೋಡಿದೆ, ಎರಡರಲ್ಲೂ ಓಡಿತು. ತಲೆ ಕೆಟ್ಟುಹೋಯಿತು.

ಗುರುವಾರ ವಾಪಸ್ ಒಯ್ದಾಗ ಅತ್ತೆ ಬಾಗಿಲಲ್ಲೇ, “ಅಲ್ಲುಡುಗಾರು ಬಂದ್ರು,” ಅಂತ ತೆಲುಗಿನಲ್ಲಿ ಅಳಿಯನನ್ನು ಸ್ವಾಗತಿಸಿ, ಕಂಬಳಿಯ ಗಂಟನ್ನು ಕನಿಕರದಿಂದ ಮುಟ್ಟಿದರು. “ಹೊಸ ಸೊಸೆ ಹಂಗೆ ಇದು. ತವರಲ್ಲಿ ಚೆನ್ನಾಗೇ ಇರ್ತೈತೆ, ಇಲ್ಲಿಗೆ ಬಂದ್ರೆ ತಲೆನೋವು ಅಂತೈತೆ. ನಾವು ಅದಕ್ಕೆ ಏನು ಕಡಿಮೆ ಮಾಡೀವಿ ಹೇಳ್ರಿ.”

೫. ಗಂಟು

ಶುಕ್ರವಾರ. ಸಂಜೆ ನಾಲ್ಕಕ್ಕೆ ಯಜಮಾನರು ಬರುವವರಿದ್ದರು. ಪ್ರತಿ ಸಲ ಹೊರಡುವ ಮೊದಲು ಮಾವನ ಪಕ್ಕದ ಮನೆಗೆ ಫೋನ್ ಮಾಡುತ್ತಿದ್ದ ನಾನು ಅವತ್ತು ಗಾಬರಿಯಲ್ಲಿ ಮರೆತೆ. ಮಧ್ಯಾಹ್ನ ಎರಡಕ್ಕೆ ಮಾವನ ಮನೆಗೆ ನುಗ್ಗಿ ನೇರ ಯಂತ್ರದ ಹತ್ತಿರ ಹೋದೆ.

ಮಾವ ಎದ್ದು ಅಡ್ಡ ನಿಂತರು. “ಮೊದ್ಲು ಕಾಫಿ ಕುಡೀರಿ.”

“ಆಮೇಲೆ ಮಾವ.”

“ಕೈಕಾಲು ತೊಳ್ಕೊಳ್ರಿ.”

“ತೊಳ್ಕೋತೀನಿ ಮಾವ,” ಅನ್ನುತ್ತ ಪಕ್ಕದ ಮುಚ್ಚಳ ತೆಗೆದೆ.

ಒಳಗೆ ಒಂದು ವೈರೂ ಜೋಲುತ್ತಿರಲಿಲ್ಲ. ಎಲ್ಲವನ್ನೂ ಸೇರಿಸಿ, ಜಡೆಯಷ್ಟು ನೀಟಾಗಿ, ಕೆಂಪು ರೇಷ್ಮೆ ನೂಲಿನಿಂದ ಗೇಣಿಗೊಂದು ಗಂಟು ಹಾಕಿ ಬಿಗಿಯಲಾಗಿತ್ತು. ಆ ಬಿಗಿತಕ್ಕೆ ಪವರ್ ಸಪ್ಲೈಯಿಂದ ಬೋರ್ಡಿಗೆ ಹೋಗುವ ದೊಡ್ಡ ಪ್ಲಗ್ಗು ಒಂದು ಕಡೆಯಿಂದ ಅರ್ಧ ಎದ್ದು ನಿಂತಿತ್ತು. ವೋಲ್ಟೇಜು ನಿಲ್ಲುವುದಾದರೂ ಎಲ್ಲಿಂದ?

ಮಾವ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಎಲ್ಲ ಹೇಳಿದರು. ಮಗ್ಗದಲ್ಲಿ ಹುಟ್ಟಿ ಬೆಳೆದ ಕೈ. ನೂಲು ಸಡಿಲ ಇದ್ದರೆ ನೇಯ್ಗೆ ಕೆಡುತ್ತದೆ. ನಾನು ವೈರುಗಳನ್ನು ಹಂಗೇ ಜೋಲು ಬಿಟ್ಟಿದ್ದು ನೋಡಿ ಅವರಿಗೆ ತಡೆಯಲಾಗಿರಲಿಲ್ಲ. ಆದರೆ ಅಳಿಯನ ಕೆಲಸ ಸರಿಯಿಲ್ಲ ಅಂತ ಮಾವನಾದವನು ಹೇಳುವುದು ಹೇಗೆ? ಅದಕ್ಕೇ ನಾನು ಹೋದ ಮೇಲೆ ಕಟ್ಟುವುದು, ಬರುತ್ತೇನೆ ಅಂತ ಫೋನ್ ಬಂದರೆ ಬಿಚ್ಚಿ ಪ್ಲಗ್ಗು ಒತ್ತಿ ಮೊದಲಿನ ಹಾಗೆ ಇಡುವುದು.

“ಮತ್ತೆ ಮಂಗಳವಾರ?” ಅಂದೆ.

“ನಿಂತಾಗೆಲ್ಲ, ಇನ್ನೂ ಸಡಿಲ ಐತೇನೋ ಅಂತ ಒಂದ್ ಗಂಟು ಜಾಸ್ತಿ ಹಾಕ್ದೆ.”

ನಾನೂ ಸಾಚಾ ಅಲ್ಲ. ಮಾವ, ಕ್ಯಾಬಿನೆಟ್ ಬಿಚ್ಚಿದ್ರಾ ಅಂತ ಒಂದು ಸಲವಾದರೂ ಕೇಳಬಹುದಿತ್ತು, ಹಿರಿಯರನ್ನು ಅನುಮಾನಿಸಿದ ಹಾಗಾಗುತ್ತದೆ ಅಂತ ಕೇಳಿರಲಿಲ್ಲ. ಇಬ್ಬರ ಮರ್ಯಾದೆ ಸೇರಿ ಒಂದು ವಾರ ಯಂತ್ರದ ಜೀವ ತಿಂದಿತ್ತು.

ನೂಲು ಬಿಚ್ಚಿ ಪ್ಲಗ್ಗು ಒತ್ತಿದೆ. ಎಳೆದೆಳೆದು ಅದು ಸಡಿಲವಾಗಿತ್ತು, ಕೈ ಬಿಟ್ಟರೆ ಏಳುತ್ತಿತ್ತು. ಮಾವ ಹಿಂದಿನಿಂದ ಮೆಲ್ಲಗೆ, “ನಾನು ಕಟ್ಲಾ?” ಅಂದರು. ಈ ಸಲ ನಾನು ಬೆರಳಿಟ್ಟು ತೋರಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ, ಬೆರಳಲ್ಲೇ ನೋಡುತ್ತ, ಪ್ಲಗ್ಗನ್ನು ಬೋರ್ಡಿಗೆ ಅದುಮಿ ಹಿಡಿಯುವ ಹಾಗೆ ಎರಡು ಗಂಟು ಹಾಕಿದರು. ಸ್ವಿಚ್ ಹಾಕಿದೆ. ಎರಡು ಪಾಯಿಂಟ್ ಎರಡು. ಹತ್ತು ನಿಮಿಷ ನೋಡಿದೆವು, ಅರ್ಧ ಗಂಟೆ ನೋಡಿದೆವು. ಅಲ್ಲಾಡಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು, ಮಾವನ ಮುಂದೆ ಕುಣಿಯುವುದು ಹೇಗೆ ಅಂತ ಸುಮ್ಮನಿದ್ದೆ.

ನಾಲ್ಕಕ್ಕೆ ಯಜಮಾನರು ಬಂದರು. ಉಳಿದ ಒಂದು ಗಂಟೆಯಲ್ಲಿ ಮಾವ ಸೆರಗಿನ ಗಿಳಿಗಳನ್ನು ಮುಗಿಸಿದ್ದರು, ಒಂದೊಂದೇ ಕೊಕ್ಕು. ಒಪ್ಪಿದರು. “ಅಂಚು ಎಲ್ಲಿ?” ಅಂದರು. ಅಂಚಿಗೆ ಸಮಯವೇ ಸಿಕ್ಕಿರಲಿಲ್ಲ. ಮಾವನ ಮುಖ ಬಾಡಿತು. ಅಷ್ಟರಲ್ಲಿ ಯಜಮಾನರ ಕಣ್ಣು ಮೇಜಿನ ಮೇಲಿದ್ದ ಹಳೆಯ ಗ್ರಾಫ್ ಹಾಳೆಯ ಮೇಲೆ ಬಿತ್ತು. ಎತ್ತಿ ಬೆಳಕಿಗೆ ಹಿಡಿದರು.

“ಇದೇನ್ರಿ, ಗೋಪುರದ ಸಾಲು? ಒಂದು ಎತ್ತರ, ಒಂದು ಗಿಡ್ಡ, ನಡುವೆ ಸಣ್ಣ ಮೆಟ್ಟಿಲು. ಇಂಥ ಅಂಚು ನಾನು ನೋಡೇ ಇಲ್ಲ.”

ಮಾವ ನನ್ನನ್ನು ನೋಡಿದರು. ನಾನು ಬರೆದಿಡಿ ಅಂದಿದ್ದ ವೋಲ್ಟೇಜು ಅದು. ಅವರು ಸಂಖ್ಯೆ ಬರೆಯುವ ಬದಲು, ಕೈಗೆ ಬಂದ ರೂಢಿಯಲ್ಲಿ, ದಪ್ಪ ಗೆರೆಯ ದೊಡ್ಡ ಚೌಕಗಳಿಗೆ ಕೆಂಪು ತುಂಬಿಟ್ಟಿದ್ದರು. ಅತಿ ಚೆಂದವಾಗಿ ಏರಿಳಿದಿದ್ದ ಭಾಗ ಮಂಗಳವಾರದ್ದು.

“ಅದೇ ಅಂಚು,” ಅಂದರು ಮಾವ, ಒಂಚೂರೂ ತಡವರಿಸದೆ. ಯಂತ್ರದ ಮುಂದೆ ಕೂತು, ಚೌಕಗಳನ್ನು ಅಂಗೈಯಷ್ಟು ದೊಡ್ಡದು ಮಾಡಿಕೊಂಡು, ಯಜಮಾನರ ಕಾಫಿ ಆರುವುದರೊಳಗೆ ಪರದೆಯ ಈ ತುದಿಯಿಂದ ಆ ತುದಿಗೆ ಮಂಗಳವಾರವನ್ನು ಹಾಸಿಬಿಟ್ಟರು. ಮಗ್ಗ ಮಾವನಿಗೇ ಉಳಿಯಿತು. ಮುಂದೆ ಎಂಟು ವರ್ಷ ಅವರು ಅದೇ ಯಂತ್ರದಲ್ಲಿ ಕೆಲಸ ಮಾಡಿದರು, ನಾನೂರೈವತ್ತಕ್ಕೆ ಒಂದು ಕಡಿಮೆ ಆಗಲಿಲ್ಲ.

ಆ ಅಂಚು ಬಹಳ ಓಡಿತು. ಮೊದಲ ಸೀರೆಯನ್ನು ಮಾವ ಮಗಳಿಗೆ ಕೊಟ್ಟರು. ಖಾಲಿಯಾದ ಬಣ್ಣದ ಸೀಸೆಗೆ ಬದಲಾಗಿ ಅಂತ ಅವಳು ಉಟ್ಟಳು. ಈಗಲೂ ಚಳ್ಳಕೆರೆಯ ಯಾವ ಮದುವೆಗೆ ಹೋದರೂ ನಾಲ್ಕು ಜನರ ಮುಂದೆ ನಾನು ಪ್ರೊಸೆಸರ್ ಓಡಿಸಿದ ಸಾಹಸ ಹೇಳಲು ಬಾಯಿ ತೆಗೆಯುತ್ತೇನೆ. ಆಗ ಹೆಂಡತಿ ಮೆಲ್ಲಗೆ ಮೊಣಕೈ ತಿವಿದು, ಆ ಅಂಚಿನ ರೇಷ್ಮೆ ಸೀರೆ ಉಟ್ಟ ಯಾರೋ ಹೆಂಗಸಿನ ಕಡೆ ಗಲ್ಲ ಎತ್ತುತ್ತಾಳೆ.

“ಅಲ್ಲಿ ನೋಡ್ರಿ. ನಿಮ್ಮ ಮಂಗಳವಾರ ಊಟಕ್ಕೆ ಹೋಗ್ತಾ ಐತೆ.”